ಗಿಂಡಿಯ ಕಾಡುನಿಂಬೆ
ಚೆನ್ನೈ ನಗರದೊಳಗೇ ಸುಮಾರು 2.7 ಚದರ ಕಿ.ಮೀ. ಹರಡಿಕೊಂಡು, 1978ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಗಿಂಡಿಯ ಕುರುಚಲು ಕಾಡಿನಲ್ಲಿ ಬೆಳೆಯುವ ಈ ಮುಳ್ಳುಗಿಡವು (ಅಟಲಾಂಟಿಯ ಮೊನೊಫಿಲ್ಲ) ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ್ದು, ಇದರ ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಸಣ್ಣ ಪಾರದರ್ಶಕ ಚುಕ್ಕೆಗಳು ಕಾಣುತ್ತವೆ. ಇವು ಸಾರತೈಲ, ಅಂದರೆ ಬೇಗನೆ ಆವಿಯಾಗಿ ಪರಿಮಳ ಬೀರುವ ಎಣ್ಣೆ, ತುಂಬಿದ ಗ್ರಂಥಿಗಳು. ಲೋಕಪ್ರಸಿದ್ಧ ಲ್ಯಾವೆಂಡರ್‌ನಲ್ಲಿ ಇಂಥ ಎಣ್ಣೆಯು ಮುಖ್ಯವಾಗಿ ಪುಷ್ಪಪಾತ್ರೆಯ, ಎಂದರೆ ಹೂವಿನ ಬುಡದ ಬಟ್ಟಲಿನ, ಹೊರಮೈ ಗ್ರಂಥಿಗಳಲ್ಲಿರುವುದರಿಂದ ಸವರಿದಷ್ಟಕ್ಕೇ ಕಂಪು ಬೆರಳಿಗಂಟುತ್ತದೆ. ಕಾಡುನಿಂಬೆಯಲ್ಲಾದರೋ ಎಣ್ಣೆ ಎಲೆಯ ಒಡಲೊಳಗಿರುವ ಕಾರಣ ಹಿಸುಕಿದಾಗಲೇ ಘಮ ಹೊಮ್ಮುತ್ತದೆ. ಲ್ಯಾವೆಂಡರ್ ತೈಲವು ಸಾಬೂನು, ಅತ್ತರುಗಳಿಗೆ ಸಲ್ಲುತ್ತದೆ. ಅಷ್ಟು ಹೆಸರಾಗದ ಈ ಗಿಡದ ಗೋಲಿಗಾತ್ರದ ಕಾಯಿಗಳ ಎಣ್ಣೆಯನ್ನು ನಾಟಿವೈದ್ಯರು ಹಳೆಯ ಕೀಲುವಾತಕ್ಕೆ ಹಚ್ಚುತ್ತ ಬಂದಿದ್ದಾರೆ.