ಉಸಿರು ಸಾಲದ ಮಾರುತ

ನಮ್ಮ ಸೇಡಂ, ಚಿತ್ತಾಪುರಗಳ ಕಡೆ ಮನೆ ಕಟ್ಟುವವರಿಗೆ ಕಲ್ಲಿಗೆ ಬರವಿಲ್ಲ. ಶಹಾಬಾದಿನ ಫರಸಿ ಉಂಟು, ವಾಡಿಯ ಸಿಮೆಂಟು ಉಂಟು; ಬರವೇನಿದ್ದರೂ ನೀರಿಗೆ. ಎಲ್ಲ ಒದಗಿಯೂ ನೀರಿಲ್ಲದೆ ಅರ್ಧಕ್ಕೆ ನಿಂತ ಗೋಡೆಗಳನ್ನು ಚಿಂಚೋಳಿಯ ಬೇಸಗೆಯಲ್ಲಿ ಕಂಡವನು ನಾನು. ಬೆಂಗಳೂರಿನಲ್ಲಿ ಹುಟ್ಟಿದ ‘ಮಾರುತ’ ಯುದ್ಧವಿಮಾನದ ಕಥೆ ಅಂಥದೇ. ಅದಕ್ಕೆ ಎಲ್ಲವೂ ಇತ್ತು, ತಕ್ಕ ಇಂಜಿನ್ ಒಂದಿರಲಿಲ್ಲ.

ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರ 1956ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಗೆ ಬಂದ. ಹಿಂದಿನ ಮಹಾಯುದ್ಧದಲ್ಲಿ ಫೋಕೆ-ವುಲ್ಫ್ 190 ರೂಪಿಸಿದವನು ಅವನೇ. ಮೊದಲು ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿ, ಆಕಾರವನ್ನು ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ನಿಜವಾದ ಮಾರುತವನ್ನು ಮೇಲಕ್ಕೊಯ್ದರು. ಶಬ್ದದ ಎರಡರಷ್ಟು ವೇಗ ಗುರಿ. ಆದರೆ ಒಳಗಿದ್ದುದು ಎರಡು ಬಡ ಓರ್ಫಿಯಸ್ 703 ಇಂಜಿನ್‌ಗಳು. ಬಲವಾದ ಓರ್ಫಿಯಸ್ 12ನ್ನು ಮುಗಿಸಿಕೊಡಲು ಬ್ರಿಟನ್ ಹಣ ಕೇಳಿತು, ದೆಹಲಿ ಕೈ ಬಿಚ್ಚಲಿಲ್ಲ. ಆಗಿನ ಬೊಕ್ಕಸದ ಸ್ಥಿತಿ ಒಪ್ಪತಕ್ಕದ್ದೇ. ಆದರೂ ಹೋರಿ ಕೊಂಡು ಹಗ್ಗಕ್ಕೆ ಜಿಪುಣತನ ಮಾಡಿದ ಹಾಗೆ ನನಗೆ ತೋರುತ್ತದೆ. ಸೋವಿಯತ್ ಇಂಜಿನ್‌ನ ಮಾತೂ ನಡೆದು ಬಿದ್ದುಹೋಯಿತು. 1962ರಲ್ಲಿ ಮಿಗ್-21ರ ಒಪ್ಪಂದವಾದ ಮೇಲೆ ಮಾರುತದ ಅವಸರವೂ ತಗ್ಗಿತು.

ಆಗ ಕಣ್ಣು ಹೋದದ್ದು ಈಜಿಪ್ಟಿನ ಕಡೆ. ಕೈರೋ ಸಮೀಪದ ಹೆಲ್ವಾನಿನಲ್ಲಿ ಮೆಸ್ಸರ್‌ಸ್ಮಿಟ್ ವಿನ್ಯಾಸದ ಎಚ್‌ಎ-300 ವಿಮಾನವೂ, ಅದಕ್ಕೆಂದೇ ಇ-300 ಇಂಜಿನ್ನೂ ತಯಾರಾಗುತ್ತಿದ್ದವು. ಆ ವಿಮಾನವನ್ನು 1964ರ ಮಾರ್ಚ್ 7ರಂದು ಮೊದಲು ಹಾರಿಸಿದವರು ನಮ್ಮ ಕಪಿಲ್ ಭಾರ್ಗವ. ಇಂಜಿನ್ನು ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರನದು. ಯುದ್ಧಾನಂತರ ರಷ್ಯನ್ನರು ಇವನನ್ನು ಹಿಡಿದೊಯ್ದು, ಕುಯಿಬಿಷೇವ್‌ನಲ್ಲಿ ದುಡಿಸಿಕೊಂಡಿದ್ದರು.

ಪರೀಕ್ಷೆಗೆಂದು ಮಾರುತವೊಂದು ಹೆಲ್ವಾನಿಗೆ ಹೋಯಿತು. ಒಂದು ಪಕ್ಕಕ್ಕೆ ಹಳೆಯ ಓರ್ಫಿಯಸ್, ಇನ್ನೊಂದು ಪಕ್ಕಕ್ಕೆ ಹೊಸ ಇ-300. ಒಂದೇ ನೊಗಕ್ಕೆ ಮುದಿ ಎತ್ತನ್ನೂ ಪ್ರಾಯದ ಹೋರಿಯನ್ನೂ ಹೂಡಿದಂತೆ! 1967ರ ಮಾರ್ಚ್‌ನಲ್ಲಿ ಹಾಗೆಯೇ ಹಾರಿತು. ಮೂರು ತಿಂಗಳೊಳಗೆ ಇಸ್ರೇಲಿನೊಡನೆ ಯುದ್ಧ. 1969ರಲ್ಲಿ ಈಜಿಪ್ಟ್ ಇಡೀ ಯೋಜನೆಯನ್ನೇ ಕೈಬಿಟ್ಟಿತು. ಇ-300 ಹೊತ್ತ ಮಾರುತ ಕಾರ್ಖಾನೆಯ ಸಾಲಿಗೆ ಬರಲೇ ಇಲ್ಲ.

ಬೆಂಗಳೂರಿನವರು ಸುಮ್ಮನಿರಲಿಲ್ಲ. ಓರ್ಫಿಯಸ್‌ಗೇ ಬಾಲದ ಕಡೆ ಮತ್ತಷ್ಟು ಇಂಧನ ಉರಿಸಿ ಬಲ ಕೂಡಿಸಲು ನೋಡಿದರು. ಅಂಥ ಮಾದರಿಯೊಂದು 1970ರ ಜನವರಿ 10ರಂದು ನೆಲ ಬಿಟ್ಟ ಕೂಡಲೆ ಬಿತ್ತು. ತೀರಿಕೊಂಡವರು ಅದೇ ಸುರಂಜನ್ ದಾಸ್. ಇಂಜಿನ್ನಿನ ಈ ಬಡತನಕ್ಕೆ ತೆತ್ತ ಬೆಲೆಯನ್ನು ಬರೀ ರೂಪಾಯಿಯಲ್ಲಿ ಎಣಿಸುವವರು ಈ ಹೆಸರನ್ನು ಮರೆಯಬಾರದು. ಬಡ ಇಂಜಿನ್‌ಗಳಲ್ಲೇ 147 ಮಾರುತಗಳು ತಯಾರಾದವು. 1971ರಲ್ಲಿ ಲೋಂಗೆವಾಲಾದ ಮರಳುಗಾಡಿನ ಕಡೆ ಯುದ್ಧದಲ್ಲೂ ದುಡಿದವು.

ಇನ್ನು ಬ್ರಾಂಡ್ನರ್. ಕುಯಿಬಿಷೇವ್‌ನಲ್ಲಿ ಅವನ ತಂಡದ ದುಡಿಮೆಯಿಂದ ಬೆಳೆದ ಎನ್‌ಕೆ-12 ಇಂಜಿನ್‌ಗಳನ್ನು ಹೊತ್ತ ಟಿಯು-142 ವಿಮಾನಗಳು 1988ರಲ್ಲಿ ನಮ್ಮ ನೌಕಾಪಡೆಗೆ ಬಂದು, 2017ರವರೆಗೆ ಸಮುದ್ರ ಕಾದವು.