ಮನಸ್ಸಿನ ತಳಮಳವೋ, ಮಾತ್ರೆಯ ಪರಿಣಾಮವೋ? ಆಪ್ತಸಮಾಲೋಚಕರು ತಿಳಿದಿರಬೇಕಾದ ಸಂಗತಿಗಳು

ಆಪ್ತಸಮಾಲೋಚಕರು ಔಷಧಿ ಬರೆಯುವಂತಿಲ್ಲ, ಡೋಸ್ ಬದಲಿಸಲು ಹೇಳುವಂತೆಯೂ ಇಲ್ಲ. ಹಾಗೆಂದು "ಮಾತ್ರೆ ವಿಚಾರ ಡಾಕ್ಟರನ್ನೇ ಕೇಳಿ" ಎಂದು ಸುಮ್ಮನಾಗುವುದೂ ಸರಿಯಲ್ಲ. ಮನೋವೈದ್ಯರನ್ನು ತಿಂಗಳಿಗೊಮ್ಮೆ ಕಾಣುವವರು ಸಮಾಲೋಚಕರನ್ನು ವಾರಕ್ಕೊಮ್ಮೆ ಕಾಣುತ್ತಾರೆ. ಹಾಗಾಗಿ ಔಷಧಿಯ ಅಡ್ಡಪರಿಣಾಮ ಮೊದಲು ಸಮಾಲೋಚಕರ ಕಣ್ಣಿಗೇ ಬೀಳಬಹುದು. ಅದೂ ಎಷ್ಟೋ ಸಲ ಮನಸ್ಸಿನ ಸಮಸ್ಯೆಯ ವೇಷದಲ್ಲಿ.

ಇದಕ್ಕೆ ಒಳ್ಳೆಯ ಉದಾಹರಣೆ ಅಕಥೀಸಿಯಾ. ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್, ಅರಿಪಿಪ್ರಜೋಲ್‌ನಂಥ ಔಷಧಿ ಶುರುವಾದ ಅಥವಾ ಡೋಸ್ ಹೆಚ್ಚಿದ ಕೆಲವು ದಿನಗಳಲ್ಲೋ ವಾರಗಳಲ್ಲೋ ಇದು ಕಾಣಿಸಬಹುದು. ವ್ಯಕ್ತಿಗೆ ಕೂರಲಾಗದು, ನಿಲ್ಲಲಾಗದು. ಕಾಲು ಅಲ್ಲಾಡಿಸುತ್ತಲೇ ಇರುತ್ತಾರೆ. "ಒಳಗೆಲ್ಲ ಕಿತ್ತುಕೊಂಡು ಬರ್ತಿದೆ" ಎನ್ನುತ್ತಾರೆ. ಇದನ್ನು ಆತಂಕವೆಂದುಕೊಂಡು ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ ಸಾಲದು. ಈ ಚಡಪಡಿಕೆ ಅತಿಯಾದಾಗ ಆತ್ಮಹತ್ಯೆಯ ಯೋಚನೆಯೂ ಬರಬಹುದು. ವೈದ್ಯರಿಗೆ ತಿಳಿದರೆ ಡೋಸ್ ಇಳಿಸಿಯೋ ಬೇರೆ ಔಷಧಿ ಕೊಟ್ಟೋ ತಗ್ಗಿಸಬಲ್ಲರು.

ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್‌ಗಳದ್ದು ಬೇರೆಯೇ ತೊಡಕು. ವಾಕರಿಕೆ, ನಿದ್ದೆಗೇಡು ಮೊದಲ ವಾರವೇ ಬರಬಹುದು. ಗುಣ ಕಾಣಲು ಎರಡರಿಂದ ಆರು ವಾರ ಬೇಕು. "ಇದು ನನಗೆ ಆಗಿಬರಲ್ಲ" ಎಂದು ಹಲವರು ಬಿಡುವುದು ಈ ನಡುವೆಯೇ. 25 ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದಾದ್ದರಿಂದ ಅದನ್ನು ನೇರವಾಗಿ ಕೇಳಬೇಕು. ಲೈಂಗಿಕ ಆಸಕ್ತಿ ಕುಗ್ಗುವುದನ್ನು ವೈದ್ಯರ ಮುಂದೆ ಹೇಳಲು ಸಂಕೋಚಪಡುವವರು ಬಹಳ. ಅದನ್ನು ದಾಂಪತ್ಯದ ಬಿರುಕೆಂದು ಓದಿಕೊಳ್ಳುವ ಮುನ್ನ ಮಾತ್ರೆ ಯಾವಾಗ ಶುರುವಾಯಿತು ಎಂದು ಕೇಳಿ ನೋಡಿ.

ತಟ್ಟನೆ ಮಾತ್ರೆ ಬಿಟ್ಟವರಿಗೆ ಕೆಲವೇ ದಿನಗಳಲ್ಲಿ ತಲೆಸುತ್ತು, ಸಿಡುಕು, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಖಿನ್ನತೆ ಮರುಕಳಿಸುವುದು ಸಾಮಾನ್ಯವಾಗಿ ಇಷ್ಟು ಬೇಗ ಅಲ್ಲ. ಹಾಗೆಂದು ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಅವಲಂಬನೆಯ ಭಯ ನಿಜವಾಗಿ ಇರುವುದು ಕ್ಲೋನಜೆಪಾಮ್, ಅಲ್ಪ್ರಜೋಲಾಮ್‌ಗಳಲ್ಲಿ. ಬಹುದಿನ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು.

ಲಿಥಿಯಂ ವಿಷಯದಲ್ಲಿ ಮುಂದಿನ ವಾರದವರೆಗೆ ಕಾಯುವಂತಿಲ್ಲ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷವಾಗತೊಡಗುತ್ತದೆ. ವಾಂತಿಭೇದಿ, ನೀರೂ ಕುಡಿಯದ ಉಪವಾಸ, ಮಂಡಿನೋವಿಗೆಂದು ನುಂಗಿದ ಐಬುಪ್ರೊಫೆನ್, ಬಿಪಿಗೆಂದು ಒಮ್ಮೆಲೇ ಉಪ್ಪು ಬಿಡುವುದು, ಯಾವುದರಿಂದಲೂ ಮಟ್ಟ ಏರಬಹುದು. ಕೈ ಜೋರಾಗಿ ನಡುಗುತ್ತಿದ್ದರೆ, ಮಾತು ತೊದಲುತ್ತಿದ್ದರೆ, ನಡಿಗೆ ತೂರಾಡುತ್ತಿದ್ದರೆ ಸೆಷನ್ ಅಲ್ಲಿಗೇ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಕಳಿಸಬೇಕು.

ಮೊದಲ ಭೇಟಿಯಲ್ಲೇ ಮಾತ್ರೆಯ ಹೆಸರು, ಡೋಸ್, ಕೊನೆಯ ಬದಲಾವಣೆಯ ದಿನಾಂಕ ಬರೆದುಕೊಳ್ಳಿ. ವೈದ್ಯರೊಂದಿಗೆ ಮಾತನಾಡಲು ಲಿಖಿತ ಒಪ್ಪಿಗೆಯನ್ನೂ ಆಗಲೇ ಪಡೆಯಿರಿ. ವೈದ್ಯರಿಗೆ ಫೋನ್ ಮಾಡಿದಾಗ ರೋಗನಿರ್ಣಯ ಹೇಳಹೋಗಬೇಡಿ, ಕಂಡದ್ದನ್ನಷ್ಟೇ ಹೇಳಿ: "ಡೋಸ್ ಹೆಚ್ಚಿಸಿದ ಐದನೇ ದಿನದಿಂದ ಇವರಿಗೆ ಕೂರಲು ಆಗುತ್ತಿಲ್ಲ."