ವಿಮಾನದ ಒಡಲಲ್ಲಿ ಕೋವಿ

ಕೈಚೀಲದ ಮೂಲೆಯಲ್ಲಿ ಮರೆತು ಉಳಿದ ಸಣ್ಣ ಚಾಕು ಕೂಡ ವಿಮಾನ ನಿಲ್ದಾಣದ ತಪಾಸಣೆ ದಾಟಲಾರದ ಕಾಲ ಇದು. ಇಂತಹ ಕಾಲದಲ್ಲಿ ಪ್ರಯಾಣಿಕನೊಬ್ಬ ಕೌಂಟರಿನ ಮುಂದೆ ನಿಂತು, ‘ನನ್ನ ಪೆಟ್ಟಿಗೆಯಲ್ಲಿ ಪಿಸ್ತೂಲಿದೆ’ ಎನ್ನುತ್ತಾನೆ. ಸಿಬ್ಬಂದಿ ಬೆಚ್ಚಿಬೀಳದೆ ಒಂದು ಚೀಟಿಗೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯನ್ನು ಒಳಗೆ ಸಾಗಿಸುತ್ತಾರೆ ಎಂದರೆ ನಮ್ಮಲ್ಲಿ ಹಲವರಿಗೆ ನಂಬಿಕೆ ಬಾರದು. ಆದರೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಇದು ದಿನನಿತ್ಯದ ವ್ಯವಹಾರ. ಬೇಟೆಗೆ ಹೊರಟವರು, ಗುರಿ ಹೊಡೆಯುವ ಸ್ಪರ್ಧೆಗೆ ಹೊರಟವರು, ಆತ್ಮರಕ್ಷಣೆಗೆಂದು ಪಿಸ್ತೂಲು ಇಟ್ಟುಕೊಳ್ಳುವವರು ಹೀಗೆಯೇ ಅದನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯುತ್ತಾರೆ.

ಅದರ ನಿಯಮಗಳು ಮೇಲ್ನೋಟಕ್ಕೆ ಸರಳ. ಕೋವಿಯಲ್ಲಿ ಗುಂಡು ತುಂಬಿರಬಾರದು. ಅದನ್ನು ಗಟ್ಟಿ ಕವಚದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಬೇಕು. ಬೀಗದ ಕೈ ಪ್ರಯಾಣಿಕನ ಬಳಿಯೇ ಇರಬೇಕು. ಪೆಟ್ಟಿಗೆಯನ್ನು ಒಪ್ಪಿಸುವಾಗ ಒಳಗೆ ಕೋವಿ ಇದೆಯೆಂದು ಬಾಯಿಬಿಟ್ಟು ಹೇಳಬೇಕು, ಇಲ್ಲವೆ ಬರೆದುಕೊಡಬೇಕು. ತೋಟಾಗಳನ್ನು ತಕ್ಕ ಡಬ್ಬಿಯಲ್ಲಿ ಭದ್ರವಾಗಿ ಇಟ್ಟಿರಬೇಕು. ಸಾಮಾನ್ಯವಾಗಿ ವಿಮಾನ ಕಂಪೆನಿಗಳು ಅವುಗಳಿಗೆ 11 ಪೌಂಡಿನ, ಅಂದರೆ ಸುಮಾರು 5 ಕಿಲೋದ ಮಿತಿ ಹಾಕುತ್ತವೆ. ಒಡೆಯ ಮೇಲೆ, ಕೋವಿ ಕೆಳಗೆ. ಹಾರಾಟ ಮುಗಿಯುವ ತನಕ ಇಬ್ಬರಿಗೂ ಭೇಟಿಯಿಲ್ಲ.

ಈ ವ್ಯವಸ್ಥೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಕಳೆದ ಆರು ದಶಕಗಳ ಹಲವು ಆಘಾತಗಳು ಅದನ್ನು ರೂಪಿಸಿವೆ. ಆ ಇತಿಹಾಸವನ್ನು ಹಿಂಬಾಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಆಕಾಶದಲ್ಲಿ ಕೋವಿ ಒಡ್ಡುತ್ತಿದ್ದ ಅಪಾಯವನ್ನು ಕಾನೂನು ಬಹುಮಟ್ಟಿಗೆ ಹತೋಟಿಗೆ ತಂದಿದೆ. ಅದು ಎಡವುತ್ತಿರುವುದು ನೆಲದ ಮೇಲೆ, ಒಡೆಯನೂ ಕೋವಿಯೂ ಮತ್ತೆ ಕೂಡುವ ಜಾಗದಲ್ಲಿ.

ಕಡಲ್ಗಳ್ಳನ ಹೆಸರಿನ ಟಿಕೆಟ್

ಅರವತ್ತರ ದಶಕದ ಆರಂಭದಲ್ಲಿ ಅಮೆರಿಕದ ವಿಮಾನವನ್ನು ಹತ್ತುವುದು ಹೆಚ್ಚುಕಡಿಮೆ ಬಸ್ಸು ಹತ್ತಿದಷ್ಟೇ ಸಲೀಸಾಗಿತ್ತು. ಚೀಲ ಬಿಚ್ಚಿ ನೋಡುವವರು ಇರಲಿಲ್ಲ. ಲೋಹಶೋಧಕದ ಬಾಗಿಲೂ ಇರಲಿಲ್ಲ. 1961ರ ಮೇ 1ರಂದು ಫ್ಲಾರಿಡಾದ ಮ್ಯಾರಥಾನ್‌ನಿಂದ ಕೀ ವೆಸ್ಟ್‌ಗೆ ಹೊರಟಿದ್ದ ನ್ಯಾಷನಲ್ ಏರ್‌ಲೈನ್ಸ್ ವಿಮಾನವನ್ನು ಪ್ರಯಾಣಿಕನೊಬ್ಬ ಆಯುಧ ತೋರಿಸಿ ಕ್ಯೂಬಾಕ್ಕೆ ಒಯ್ದ. ಅವನು ಟಿಕೆಟ್ ಕೊಂಡಿದ್ದು ಪೋರ್ಟೊರಿಕೊದ ಹಳೆಯ ಕಡಲ್ಗಳ್ಳ ಕೊಫ್ರೆಸಿಯ ಹೆಸರಿನಲ್ಲಿ. ಹೆಸರಿನಲ್ಲೇ ಸುಳಿವಿದ್ದರೂ ಯಾರಿಗೂ ಅನುಮಾನ ಬರಲಿಲ್ಲ.

ಅದೇ ವರ್ಷ ಇನ್ನೂ ಕೆಲವು ಪ್ರಕರಣಗಳು ನಡೆದವು. ಸೆಪ್ಟೆಂಬರ್ 5ರಂದು ಅಧ್ಯಕ್ಷ ಕೆನಡಿ ಹೊಸ ಕಾನೂನಿಗೆ ಸಹಿ ಹಾಕಿದರು. ವಿಮಾನ ಅಪಹರಣ ಒಕ್ಕೂಟದ ಮಟ್ಟದ ಘೋರ ಅಪರಾಧವಾಯಿತು. ಆಯುಧವನ್ನು ಬಚ್ಚಿಟ್ಟುಕೊಂಡು ವಿಮಾನ ಏರುವುದೂ ಅಪರಾಧವಾಯಿತು. ಆದರೆ ಬಚ್ಚಿಟ್ಟದ್ದನ್ನು ಹುಡುಕುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತು. 1968ರಿಂದ 1972ರವರೆಗಿನ ಐದು ವರ್ಷಗಳಲ್ಲಿ ಅಮೆರಿಕದ 130ಕ್ಕೂ ಹೆಚ್ಚು ವಿಮಾನಗಳು ಅಪಹರಣಕ್ಕೆ ಗುರಿಯಾದವು. ಎಲ್ಲರನ್ನೂ ತಪಾಸಣೆ ಮಾಡಿದರೆ ಪ್ರಯಾಣಿಕರು ದೂರವಾಗುತ್ತಾರೆಂದು ಕಂಪೆನಿಗಳು ಹೆದರುತ್ತಿದ್ದವು. ಕೇಳಿದಷ್ಟು ಹಣ ಕೊಟ್ಟು, ಹೇಳಿದಲ್ಲಿಗೆ ಹಾರಿಸಿ ಸುಮ್ಮನಾಗುವುದೇ ಲೇಸು ಎಂಬುದು ಅವುಗಳ ಲೆಕ್ಕಾಚಾರ.

1972ರ ನವೆಂಬರಿನಲ್ಲಿ ಆ ಲೆಕ್ಕಾಚಾರ ತಲೆಕೆಳಗಾಯಿತು. ಸದರ್ನ್ ಏರ್‌ವೇಸ್ ವಿಮಾನವನ್ನು ವಶಪಡಿಸಿಕೊಂಡ ಮೂವರು, ಕೇಳಿದ್ದು ಕೊಡದಿದ್ದರೆ ಅದನ್ನು ಟೆನೆಸಿಯ ಓಕ್ ರಿಜ್ ಪರಮಾಣು ಕೇಂದ್ರದ ಮೇಲೆ ಕೆಡವುವುದಾಗಿ ಬೆದರಿಸಿದರು. ವಿಮಾನವೇ ಬಾಂಬಾಗಬಹುದೆಂಬ ಅರಿವು ಮೂಡಿದ್ದು ಆಗ. 1973ರ ಜನವರಿ 5ರಿಂದ ಪ್ರತಿಯೊಬ್ಬ ಪ್ರಯಾಣಿಕನ ಮತ್ತು ಅವನ ಕೈಚೀಲದ ತಪಾಸಣೆ ಕಡ್ಡಾಯವಾಯಿತು. ಅಂದಿನಿಂದ ಸಾಮಾನ್ಯ ಪ್ರಯಾಣಿಕನ ಕೋವಿಗೆ ಉಳಿದದ್ದು ಒಂದೇ ದಾರಿ, ಸಾಮಾನಿನ ಜೊತೆ ವಿಮಾನದ ಒಡಲು.

ಸಾರಥಿಯ ವಶಕ್ಕೆ

ಕೋವಿಯನ್ನು ಒಡೆಯನಿಂದ ಬೇರ್ಪಡಿಸಿ ಸಾಗಿಸುವ ಯೋಚನೆ ಅದಕ್ಕೂ ಮೊದಲೇ ಕಾನೂನಿನ ಪುಸ್ತಕ ಸೇರಿತ್ತು. 1963ರಲ್ಲಿ ಜಾನ್ ಕೆನಡಿಯವರನ್ನು ಕೊಂದ ರೈಫಲ್ಲು ಅಂಚೆಯ ಮೂಲಕ ತರಿಸಿದ್ದು. 1968ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದರು. ಅದೇ ಅಕ್ಟೋಬರಿನಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಕೋವಿ ನಿಯಂತ್ರಣ ಕಾಯಿದೆ, ರಾಜ್ಯದಿಂದ ರಾಜ್ಯಕ್ಕೆ ನಡೆಯುತ್ತಿದ್ದ ಕೋವಿ ವ್ಯಾಪಾರಕ್ಕೆ ಕಡಿವಾಣ ಹಾಕಿತು. ಬಸ್ಸು, ರೈಲು, ಹಡಗು, ವಿಮಾನ ಯಾವುದರಲ್ಲೇ ಕೋವಿ ಕಳಿಸಿದರೂ ಸಾಗಣೆದಾರನಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂದಿತು. ಜೊತೆಯಲ್ಲಿ ಪ್ರಯಾಣಿಕನಿಗೊಂದು ರಿಯಾಯಿತಿಯನ್ನೂ ಕೊಟ್ಟಿತು: ತನ್ನ ಕೋವಿಯನ್ನು ಪ್ರಯಾಣ ಮುಗಿಯುವ ತನಕ ಪೈಲಟ್, ಕ್ಯಾಪ್ಟನ್ ಅಥವಾ ಕಂಡಕ್ಟರನ ವಶಕ್ಕೆ ಕೊಡಬಹುದು.

ಈ ‘ವಶಕ್ಕೆ’ ಎಂಬ ಮಾತಿನಲ್ಲೇ ಇಂದಿನ ವ್ಯವಸ್ಥೆಯ ಬೀಜವಿದೆ. ಒಡೆತನ ಪ್ರಯಾಣಿಕನದು, ವಶ ಮಾತ್ರ ವಾಹನ ನಡೆಸುವವನದು.

ಆದರೆ ಹೀಗೆ ವಶಕ್ಕೆ ಬಂದ ಪೆಟ್ಟಿಗೆಯನ್ನು ಗುರುತಿಸುವುದು ಹೇಗೆ? ಒಳಗೆ ಕೋವಿಯಿದೆ ಎಂಬ ಚೀಟಿಯನ್ನು ಪೆಟ್ಟಿಗೆಯ ಹೊರಗೆ ಅಂಟಿಸಿದರೆ ಕಳ್ಳನಿಗೆ ಕರೆದು ತೋರಿಸಿದಂತೆ. ಈ ತೊಡಕು ಅರಿವಾದದ್ದು ತಡವಾಗಿ. ಬ್ರೇಡಿ ಕಾಯಿದೆ ಎಂದೇ ಹೆಸರಾದ 1993ರ ಕಾನೂನು, ಅಂತಹ ಯಾವುದೇ ಗುರುತನ್ನು ಸಾಮಾನಿನ ಹೊರಮೈಗೆ ಹಚ್ಚುವಂತೆ ಸಾಗಣೆದಾರರು ಒತ್ತಾಯಿಸಬಾರದೆಂದು ವಿಧಿಸಿತು. ಕೊಳ್ಳುವವರ ಹಿನ್ನೆಲೆ ಪರಿಶೀಲಿಸಬೇಕೆಂಬ ವಿಧಿಗೆ ಹೆಸರಾದ ಈ ಕಾಯಿದೆಯಲ್ಲಿ ಹೀಗೊಂದು ಸಣ್ಣ ವಿವೇಕವೂ ಅಡಗಿದೆ.

ನದಿ ದಾಟಿದರೆ ಬೇರೆ ನ್ಯಾಯ

ಇಷ್ಟರಲ್ಲಿ ಓದುಗರು ಕೇಳಬಹುದು: ರಾಜ್ಯದ ಗಡಿಗೇಕೆ ಇಷ್ಟು ಮಹತ್ವ? ಅಮೆರಿಕದ ಒಕ್ಕೂಟದಲ್ಲಿ 50 ರಾಜ್ಯಗಳಿವೆ. ಒಕ್ಕೂಟದ ಕಾನೂನಿನ ಜೊತೆಗೆ ಪ್ರತಿ ರಾಜ್ಯಕ್ಕೂ ಅದರದೇ ಕೋವಿ ಕಾನೂನಿದೆ. ನ್ಯೂಯಾರ್ಕ್ ರಾಜ್ಯ 1911ರಲ್ಲೇ, ಸಲಿವನ್ ಕಾಯಿದೆಯ ಮೂಲಕ, ಪಿಸ್ತೂಲಿಗೆ ಪರವಾನಗಿ ಕಡ್ಡಾಯ ಮಾಡಿತು. ನ್ಯೂಜೆರ್ಸಿಯದೂ ಬಿಗಿಯಾದ ಕಾನೂನು. ಡೆಲವೇರ್ ನದಿಯ ಆಚೆ ದಡದ ಪೆನ್ಸಿಲ್ವೇನಿಯಾದಲ್ಲಿ ಗೃಹಸ್ಥನೊಬ್ಬ ಪರವಾನಗಿಯಿಲ್ಲದೆ ಮನೆಯಲ್ಲಿಟ್ಟುಕೊಳ್ಳಬಹುದಾದ ಪಿಸ್ತೂಲು, ಸೇತುವೆ ದಾಟಿ ಈಚೆ ಬಂದೊಡನೆ ಅವನನ್ನು ಜೈಲಿಗೆ ನೂಕಬಲ್ಲದು.

ಹಾಗಾದರೆ ಒಂದು ಸಡಿಲ ರಾಜ್ಯದಿಂದ ಇನ್ನೊಂದು ಸಡಿಲ ರಾಜ್ಯಕ್ಕೆ ಹೋಗುವವನು ನಡುವಿನ ಬಿಗಿ ರಾಜ್ಯವನ್ನು ದಾಟುವುದು ಹೇಗೆ? ಇದಕ್ಕೆ ಉತ್ತರವಾಗಿ ಬಂದದ್ದು 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕೋವಿ ಒಡೆಯರ ರಕ್ಷಣಾ ಕಾಯಿದೆ. ಹೊರಟ ಜಾಗದಲ್ಲೂ ತಲಪುವ ಜಾಗದಲ್ಲೂ ಕೋವಿ ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿದ್ದರೆ, ನಡುವಿನ ರಾಜ್ಯ ಅಡ್ಡಿಪಡಿಸುವಂತಿಲ್ಲ. ಷರತ್ತುಗಳು ಎರಡು: ಗುಂಡು ತುಂಬಿರಬಾರದು, ಕೋವಿಯಾಗಲಿ ತೋಟಾ ಆಗಲಿ ಪ್ರಯಾಣಿಕನ ಕೈಗೆ ಸುಲಭವಾಗಿ ಎಟುಕುವಂತೆ ಇರಬಾರದು.

ಕಾನೂನು ಬರೆದವರ ಕಣ್ಣಮುಂದೆ ಇದ್ದದ್ದು ಮುಖ್ಯವಾಗಿ ಮೋಟಾರು ಕಾರು. ಡಿಕ್ಕಿಯಲ್ಲಿಡಿ, ಡಿಕ್ಕಿ ಇಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ ಎಂದು ಅದು ವಿವರವಾಗಿ ಹೇಳುತ್ತದೆ. ವಿಮಾನ ತಡವಾಗಿ, ಮುಂದಿನ ವಿಮಾನ ತಪ್ಪಿ, ಪ್ರಯಾಣಿಕ ಪೆಟ್ಟಿಗೆಯೊಡನೆ ಪರಸ್ಥಳದಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ ಏನೆಂಬ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಒಂದು ರಾತ್ರಿಯ ಬೆಲೆ

ಆ ಮೌನದ ಬೆಲೆಯನ್ನು 2005ರಲ್ಲಿ ಯೂಟಾ ರಾಜ್ಯದ ಒಬ್ಬ ಪ್ರಯಾಣಿಕ ತೆತ್ತ. ಅವನು ಸಾಲ್ಟ್ ಲೇಕ್ ಸಿಟಿಯಿಂದ ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ಗೆ ಹೊರಟಿದ್ದ. ಪಿಸ್ತೂಲನ್ನು ನಿಯಮದಂತೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಹೇಳಿ, ಒಪ್ಪಿಸಿದ್ದ. ನ್ಯೂಜೆರ್ಸಿಯ ನ್ಯೂಅರ್ಕ್ ನಿಲ್ದಾಣದಲ್ಲಿ ಅವನ ಮುಂದಿನ ಸಂಪರ್ಕ ತಪ್ಪಿತು. ಬದಲಿಗೆ ಸಿಕ್ಕಿದ ಬಸ್ಸಿನಲ್ಲಿ ಸಾಮಾನು ಬಂದಿರಲಿಲ್ಲ. ಅದನ್ನು ಹುಡುಕುವಷ್ಟರಲ್ಲಿ ಬಸ್ಸೂ ಹೋಯಿತು. ಕೊನೆಗೆ ಸಿಕ್ಕಿದ ಸಾಮಾನನ್ನು ತೆಗೆದುಕೊಂಡು ಹೋಟೆಲಿನಲ್ಲಿ ಮಲಗಿದ. ಮರುದಿನ ಮುಂಜಾನೆ ನಿಲ್ದಾಣಕ್ಕೆ ಬಂದು, ನಿಯಮ ಹೇಳುವಂತೆಯೇ, ‘ಇದರಲ್ಲಿ ಪಿಸ್ತೂಲಿದೆ’ ಎಂದ. ನ್ಯೂಜೆರ್ಸಿಯ ಪರವಾನಗಿ ಇಲ್ಲವೆಂದು ಪೊಲೀಸರು ಅವನನ್ನು ಬಂಧಿಸಿದರು. ಕೆಲವು ದಿನ ಜೈಲುವಾಸವಾಯಿತು. ಆಮೇಲೆ ಮೊಕದ್ದಮೆಯನ್ನು ಕೈಬಿಟ್ಟರೂ ವಶಪಡಿಸಿಕೊಂಡ ವಸ್ತುಗಳು ಅವನ ಕೈಸೇರಲು ವರ್ಷಗಳೇ ಹಿಡಿದವು.

ಅವನು ನ್ಯಾಯಾಲಯದ ಮೆಟ್ಟಿಲೇರಿದ. 2010ರಲ್ಲಿ ಒಕ್ಕೂಟದ ಮೂರನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅವನ ವಿರುದ್ಧ ತೀರ್ಪಿತ್ತಿತು. ತರ್ಕ ಹೀಗಿದೆ: ಸಾಮಾನು ವಿಮಾನದ ಒಡಲಿನಲ್ಲಿದ್ದಾಗ ಕೋವಿ ಅವನ ಕೈಗೆ ಎಟುಕುತ್ತಿರಲಿಲ್ಲ, ಆದ್ದರಿಂದ 1986ರ ಕಾಯಿದೆಯ ರಕ್ಷಣೆ ಇತ್ತು. ಪೆಟ್ಟಿಗೆಯನ್ನು ಪಡೆದು ಹೋಟೆಲಿಗೆ ಒಯ್ದ ಕ್ಷಣ ಅದು ಕೈಗೆಟುಕುವಂತಾಯಿತು. ರಕ್ಷಣೆಯೂ ಅಲ್ಲಿಗೆ ಮುಗಿಯಿತು. ಪ್ರಯಾಣಿಕನ ಸಂಕಟ ನ್ಯಾಯಾಧೀಶರಿಗೆ ತಿಳಿಯದೆ ಇರಲಿಲ್ಲ. ಹೀಗೆ ಸಿಕ್ಕಿಬಿದ್ದವರು ಸಾಮಾನನ್ನು ಮುಟ್ಟುವ ಮೊದಲೇ ಪೊಲೀಸರಿಗೋ ನಿಲ್ದಾಣದ ಸಿಬ್ಬಂದಿಗೋ ವಿಷಯ ತಿಳಿಸಬಹುದಿತ್ತು ಎಂದರು. ಕಾನೂನಿನಲ್ಲಿ ಕೊರತೆಯಿದ್ದರೆ ತುಂಬಬೇಕಾದದ್ದು ಸಂಸತ್ತೆಂದೂ ಹೇಳಿದರು. ಮೇಲ್ಮನವಿಯನ್ನು ಸುಪ್ರೀಂ ಕೋರ್ಟು 2011ರಲ್ಲಿ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ಪ್ರಾಮಾಣಿಕವಾಗಿ ಹೇಳಿದವನು ಸಿಕ್ಕಿಬಿದ್ದ; ಹೇಳದೆ ಹೋಗಿದ್ದರೆ ಅದು ಇನ್ನೊಂದು ಅಪರಾಧವಾಗುತ್ತಿತ್ತು. ಅತ್ತ ದರಿ ಇತ್ತ ಪುಲಿ ಎಂದರೆ ಇದೇ.

ಇನ್ನೊಂದು ಮುಖ

ಈ ಪ್ರಕರಣವನ್ನಷ್ಟೇ ನೋಡಿದರೆ ಕಾನೂನು ಕಲ್ಲೆದೆಯದು ಎನಿಸೀತು. 2017ರ ಜನವರಿ 6ರ ಘಟನೆ ಅದರ ಇನ್ನೊಂದು ಮುಖ. ಅಂದು ಅಲಾಸ್ಕದ ಆಂಕರೇಜ್‌ನಿಂದ ಮಿನಿಯಾಪೊಲಿಸ್ ಮಾರ್ಗವಾಗಿ ಫ್ಲಾರಿಡಾದ ಫೋರ್ಟ್ ಲಾಡರ್ಡೇಲ್‌ಗೆ ಒಬ್ಬ ಮಾಜಿ ಸೈನಿಕ ಬಂದಿಳಿದ. ಅವನು ವಿಮಾನಕ್ಕೆ ಒಪ್ಪಿಸಿದ್ದ ಸಾಮಾನೆಂದರೆ ಪಿಸ್ತೂಲಿನ ಪೆಟ್ಟಿಗೆ ಮಾತ್ರ. ಎಲ್ಲ ನಿಯಮಗಳನ್ನೂ ಪಾಲಿಸಿದ್ದ. ಪೆಟ್ಟಿಗೆ ಪಡೆದವನೇ ಶೌಚಾಲಯಕ್ಕೆ ಹೋಗಿ ಗುಂಡು ತುಂಬಿ, ಸಾಮಾನಿಗಾಗಿ ಕಾಯುತ್ತಿದ್ದವರ ಮೇಲೆ ಹಾರಿಸಿದ. ಐವರು ಸತ್ತರು, ಆರು ಮಂದಿ ಗುಂಡೇಟಿನಿಂದ ಗಾಯಗೊಂಡರು. ಕೆಲವೇ ವಾರಗಳ ಹಿಂದೆ ಅವನು ಆಂಕರೇಜ್‌ನಲ್ಲಿ ಒಕ್ಕೂಟದ ತನಿಖಾ ದಳದ ಕಚೇರಿಗೇ ಹೋಗಿ, ತನ್ನ ಮನಸ್ಸನ್ನು ಬೇರೆಯವರು ನಿಯಂತ್ರಿಸುತ್ತಿದ್ದಾರೆಂದು ಹೇಳಿಕೊಂಡಿದ್ದ. ಆಗ ಪೊಲೀಸರು ತೆಗೆದಿರಿಸಿಕೊಂಡ ಪಿಸ್ತೂಲು ಮತ್ತೆ ಅವನ ಕೈಸೇರಿತ್ತು. 2018ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕ ವಿಮಾನ ಭದ್ರತೆಗೆಂದೇ ಒಕ್ಕೂಟದ ಹೊಸ ಇಲಾಖೆ ಕಟ್ಟಿತ್ತು. ಒಡಲಿಗೆ ಹೋಗುವ ಪ್ರತಿ ಪೆಟ್ಟಿಗೆಯನ್ನೂ ಸ್ಫೋಟಕಗಳಿಗಾಗಿ ಶೋಧಿಸುವ ಏರ್ಪಾಡು ಮಾಡಿತ್ತು. ಆ ಕಾವಲೆಲ್ಲ ಇದ್ದದ್ದು ವಿಮಾನ ಏರುವವರ ಕಡೆಗೆ. ಇಳಿದು ಹೋಗುವವರ ಕಡೆಗೆ ಅಷ್ಟಾಗಿ ಗಮನವಿರಲಿಲ್ಲ. ನ್ಯೂಅರ್ಕ್‌ನ ನಿರಪರಾಧಿಯೂ ಫೋರ್ಟ್ ಲಾಡರ್ಡೇಲ್‌ನ ಕೊಲೆಗಾರನೂ ಕಾನೂನನ್ನು ಎದುರಿಸಿದ್ದು ಒಂದೇ ಸ್ಥಳದಲ್ಲಿ, ಪೆಟ್ಟಿಗೆ ಕೈಗೆ ಬಂದ ಮೇಲೆ. ಒಬ್ಬನನ್ನು ಕಾನೂನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿಯಿತು. ಇನ್ನೊಬ್ಬನನ್ನು ಹಿಡಿಯುವ ಉಪಾಯವೇ ಅದರ ಬಳಿ ಇರಲಿಲ್ಲ.

ಇದರ ಜೊತೆಗೆ ಮರೆವಿನ ಸಮಸ್ಯೆಯೂ ಇದೆ. 2023ರಲ್ಲಿ ಅಮೆರಿಕದ ನಿಲ್ದಾಣಗಳ ತಪಾಸಣೆಯಲ್ಲಿ ಕೈಸಾಮಾನಿನೊಳಗೆ ಸಿಕ್ಕ ಕೋವಿಗಳು 6,737. ಅವುಗಳಲ್ಲಿ ನೂರಕ್ಕೆ 93ರಷ್ಟು ಗುಂಡು ತುಂಬಿದವು. ಚೀಲದಲ್ಲಿರುವುದು ಮರೆತೇಹೋಗಿತ್ತು ಎಂಬುದೇ ಸಿಕ್ಕಿಬಿದ್ದವರ ಸಾಮಾನ್ಯ ಉತ್ತರ. ಕೋವಿಯನ್ನು ಮನೆಬೀಗದ ಕೈಯಂತೆ ದಿನವೂ ಒಯ್ಯುವ ಸಮಾಜದಲ್ಲಿ ಅದು ಮರೆತುಹೋಗುವ ವಸ್ತುವಾಗಿಬಿಟ್ಟಿದೆ.

ನಮ್ಮಲ್ಲಿ

ಭಾರತ ಬೇರೆ ದಾರಿ ಹಿಡಿಯಿತು. ಇಲ್ಲಿ 1959ರ ಆಯುಧ ಕಾಯಿದೆ ಇಡೀ ದೇಶಕ್ಕೆ ಅನ್ವಯ. ಕೋವಿಯ ಪರವಾನಗಿ ಎಲ್ಲಿಯವರೆಗೆ ಸಲ್ಲುತ್ತದೆಂಬುದು ಆ ಪರವಾನಗಿಯಲ್ಲೇ ಬರೆದಿರುತ್ತದೆ. ಗಡಿ ದಾಟುವ ಪ್ರಶ್ನೆಗೆ ಉತ್ತರವನ್ನು ಪ್ರಯಾಣಿಕ ಜೇಬಿನಲ್ಲೇ ಇಟ್ಟುಕೊಂಡು ಹೊರಡುತ್ತಾನೆ.

ಪರವಾನಗಿಯ ಅಗತ್ಯವೇ ಇಲ್ಲದವರೂ ನಮ್ಮ ನಡುವೆ ಇದ್ದಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಈ ವಿನಾಯಿತಿಯಿದೆ; ಅದನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಗಮನಿಸಬೇಕಾದ ಮಾತೆಂದರೆ, ವಿನಾಯಿತಿಯ ಅಧಿಸೂಚನೆಯು ಪ್ರಯಾಣವನ್ನು ಮರೆತಿಲ್ಲ. ಜಿಲ್ಲೆಯ ಹೊರಗೆ ನೆಲಸಿದ್ದಾಗ ಅಥವಾ ಸಂಚರಿಸುವಾಗ ಒಂದು ರೈಫಲ್ ಹಾಗೂ 100 ಗುಂಡು, ಜೊತೆಗೆ ಒಂದು ಸಾದಾ ನಳಿಗೆಯ ಕೋವಿ ಹಾಗೂ 500 ತೋಟಾ, ಅಷ್ಟಕ್ಕೇ ಮಿತಿ. ಹಕ್ಕು ಎಷ್ಟೇ ಹಳೆಯದಾದರೂ ಊರಗಡಿ ದಾಟುವಾಗ ಅದಕ್ಕೊಂದು ಅಳತೆ ಬೇಕೆಂದು ಅದನ್ನು ಬರೆದವರು ಕಂಡುಕೊಂಡಿದ್ದರು.

ಅಮೆರಿಕದಲ್ಲಿ ಈ ಅಳತೆಯ ಬಗ್ಗೆ ಒಮ್ಮತ ಮೂಡಿಲ್ಲ. ಮನೆಯ ಹೊರಗೂ ಆತ್ಮರಕ್ಷಣೆಗೆ ಪಿಸ್ತೂಲು ಒಯ್ಯುವುದು ಸಂವಿಧಾನ ಕೊಟ್ಟ ಹಕ್ಕೆಂದು 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಬಿಗಿ ರಾಜ್ಯಗಳು ಕೋವಿ ತರಬಾರದ ಸ್ಥಳಗಳ ಪಟ್ಟಿಯನ್ನು ಉದ್ದ ಮಾಡಿ ಅದಕ್ಕೆ ಉತ್ತರಿಸಿದವು. ಈ ಎಳೆದಾಟದ ನಡುವೆ, ವಿಮಾನ ತಪ್ಪಿದ ಪ್ರಯಾಣಿಕ ಒಂದು ರಾತ್ರಿಯ ಮಟ್ಟಿಗೆ ತನ್ನ ಪೆಟ್ಟಿಗೆಯನ್ನು ಒಪ್ಪಿಸಿ ರಸೀದಿ ಪಡೆಯುವ ಸಣ್ಣ ಏರ್ಪಾಡನ್ನು 1986ರ ಕಾಯಿದೆಯಲ್ಲೇ ಬರೆದಿದ್ದರೆ, ನ್ಯೂಅರ್ಕ್‌ನಂಥ ಪ್ರಕರಣ ಜೈಲಿನ ತನಕ ಹೋಗುತ್ತಿರಲಿಲ್ಲ. ಕೋವಿಯನ್ನು ಸಾರಥಿಯ ವಶಕ್ಕೆ ಕೊಡುವುದನ್ನು 1968ರಲ್ಲೇ ಕಲಿಸಿದ ಕಾನೂನು, ವಾಹನ ನಿಂತ ಮೇಲೆ ಅದನ್ನು ಯಾರ ವಶಕ್ಕೆ ಕೊಡಬೇಕೆಂಬುದನ್ನೂ ಹೇಳಬೇಕಾಗಿತ್ತು.